ಸರ್ವರಿನ ತಂತ್ರಾಂಶ ಬದಲಿಸಬೇಕೇ, ಬೇಡವೇ? – ಆಡಳಿತ ಮಂಡಳಿಗಳಿಗೆ ಒಂದು ಪಾಠ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ, ಬೆದೆ ಗುರುತಿಸುವಿಕೆ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಸಲದ ವಿಷಯ ಕಂಪ್ಯೂಟರ್. ಪಶುವೈದ್ಯರಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ಹಾಲಿನ ಅಳತೆ, ಜಿಡ್ಡು, ಎಸ್.ಎನ್.ಎಫ್., ಬಟವಾಡೆ, ಪಶು ಆಹಾರದ ಮುಂಗಡ, ಲಸಿಕೆ ಪಟ್ಟಿ, ಕೃತಕ ಗರ್ಭಧಾರಣೆಯ ದಾಖಲೆ ಇವೆಲ್ಲವೂ ಪುಸ್ತಕದಿಂದ ಕಂಪ್ಯೂಟರಿಗೆ ಬಂದಿವೆ. ಕಂಪ್ಯೂಟರ್ ನಿಂತರೆ ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ಆದರೆ ಆ ಹಾಲಿನ ಹಣ ನಿಲ್ಲುತ್ತದೆ.

"ನಿಮ್ಮ ವರ್ಚುವಲ್ ಸರ್ವರಿನ ತಂತ್ರಾಂಶ ಹಳೆಯದಾಗಿದೆ, ಹೊಸ ಆವೃತ್ತಿಗೆ ಹೋಗಿ, ವರ್ಷಕ್ಕೆ ಇಷ್ಟು ಶುಲ್ಕ" ಎಂಬ ದರಪಟ್ಟಿ ಸಣ್ಣ ಕಚೇರಿಗಳಿಗೂ ಬರುವ ಕಾಲ ಇದು. ದರಪಟ್ಟಿ ನೋಡಿ ಹೆದರಿ ಸಹಿ ಹಾಕುವುದೂ ತಪ್ಪು, "ಓಡುತ್ತಿದೆಯಲ್ಲ, ಇರಲಿ ಬಿಡಿ" ಎಂದು ಮಡಿಚಿಡುವುದೂ ತಪ್ಪು. ತೀರ್ಮಾನ ಮಾಡಬೇಕಾದವರು ಆಡಳಿತ ಮಂಡಳಿಯವರು. ಅದಕ್ಕೆ ಬೇಕಾದಷ್ಟು ತಿಳಿವಳಿಕೆ ಕೊಡುವುದು ಈ ಪಾಠದ ಉದ್ದೇಶ.

1. ವರ್ಚುವಲ್ ಸರ್ವರ್ ಎಂದರೇನು?

ಮೊದಲು ಒಂದು ಕೆಲಸಕ್ಕೆ ಒಂದು ಕಂಪ್ಯೂಟರ್ ಇಡುತ್ತಿದ್ದರು. ಬಟವಾಡೆಗೆ ಒಂದು, ಲೆಕ್ಕಪತ್ರಕ್ಕೆ ಒಂದು, ಜಾನುವಾರು ದಾಖಲೆಗೆ ಇನ್ನೊಂದು. ಮೂರೂ ದಿನದ ಬಹುಪಾಲು ಸುಮ್ಮನೆ ಇರುತ್ತಿದ್ದವು, ವಿದ್ಯುತ್ ಮಾತ್ರ ಮೂರಕ್ಕೂ ಬೇಕಾಗುತ್ತಿತ್ತು. ಒಂದೇ ಗಟ್ಟಿಮುಟ್ಟಾದ ಯಂತ್ರದೊಳಗೆ ಮೂರು ಬೇರೆ ಬೇರೆ ಯಂತ್ರಗಳಿರುವಂತೆ ವಿಭಾಗ ಮಾಡಿಕೊಡುವ ತಂತ್ರಾಂಶವೇ ವರ್ಚುವಲೈಸೇಶನ್ ತಂತ್ರಾಂಶ. ಒಂದು ಕೊಟ್ಟಿಗೆ, ಒಂದು ಮಾಡು, ನಡುವೆ ಅಡ್ಡಗಳು. ಪ್ರತಿ ಹಸುವಿಗೂ ಅದರದೇ ಗೋದಲಿ ಇದ್ದ ಹಾಗೆ. ಒಂದು ವಿಭಾಗದ ತಂತ್ರಾಂಶ ಕೆಟ್ಟರೆ ಪಕ್ಕದ್ದು ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಮಾಡು ಕುಸಿದರೆ ಎಲ್ಲದರ ಮೇಲೂ ಬೀಳುತ್ತದೆ. ಈ ಎರಡನೆಯ ಮಾತನ್ನು ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ.

ಇದು ಹೊಸ ವಿದ್ಯೆಯಲ್ಲ. ಐ.ಬಿ.ಎಂ. ಕಂಪನಿ ತನ್ನ ದೊಡ್ಡ ಯಂತ್ರಗಳಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿತ್ತು. ಸಾಮಾನ್ಯ ಸರ್ವರುಗಳಿಗೆ ಇದನ್ನು ತಂದು ಜನಪ್ರಿಯಗೊಳಿಸಿದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್. ಅದರ ಸರ್ವರ್ ತಂತ್ರಾಂಶದ ಹೆಸರು ಇ.ಎಸ್.ಎಕ್ಸ್.ಐ. ಮೈಕ್ರೋಸಾಫ್ಟ್‌ನ ಹೈಪರ್-ವಿ 2008ರಲ್ಲಿ ಬಂತು. ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಕೆ.ವಿ.ಎಂ. ಎಂಬ ವ್ಯವಸ್ಥೆ 2007ರಿಂದ ಇದೆ. ಅದರ ಮೇಲೆ ಕಟ್ಟಿದ ಆಸ್ಟ್ರಿಯಾ ದೇಶದ ಪ್ರಾಕ್ಸ್‌ಮಾಕ್ಸ್ ಸಣ್ಣ ಕಚೇರಿಗಳಲ್ಲಿ ಬಳಕೆಯಲ್ಲಿದೆ.

2. ಈ ಪ್ರಶ್ನೆ ಈಗ ಏಕೆ ಬಂತು?

ಎರಡು ಕಾರಣಗಳಿವೆ.

ಮೊದಲನೆಯದು ಬೆಂಬಲದ ಅವಧಿ. ಪ್ರತಿ ಆವೃತ್ತಿಗೂ ಕಂಪನಿ ಒಂದು ಕೊನೆಯ ದಿನ ಗೊತ್ತು ಮಾಡಿರುತ್ತದೆ. ಆ ದಿನದ ನಂತರ ಹೊಸದಾಗಿ ಸಿಕ್ಕಿದ ದೋಷಗಳಿಗೆ ತಿದ್ದುಪಡಿ ಬರುವುದು ನಿಲ್ಲುತ್ತದೆ. ವಿಎಂವೇರ್‌ನ 6.5 ಮತ್ತು 6.7 ಆವೃತ್ತಿಗಳ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೆ ಮುಗಿಯಿತು. 7ನೇ ಆವೃತ್ತಿಯದು 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. 8ನೇ ಆವೃತ್ತಿಗೆ 2027ರ ಅಕ್ಟೋಬರ್ 11 ಎಂದು ಪ್ರಕಟಿಸಲಾಗಿದೆ. ಒಳಗಿನ ವಿಭಾಗಗಳಲ್ಲಿ ಓಡುವ ವಿಂಡೋಸ್‌ಗೂ ಹೀಗೆಯೇ ದಿನಾಂಕಗಳಿವೆ. ವಿಂಡೋಸ್ ಸರ್ವರ್ 2012 ಆರ್2 ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ವಿಂಡೋಸ್ ಸರ್ವರ್ 2016ಕ್ಕೆ ಗೊತ್ತು ಮಾಡಿದ ದಿನ 2027ರ ಜನವರಿ 12.

ಎರಡನೆಯದು ಮಾರಾಟದ ಪದ್ಧತಿ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡುಕೊಂಡಿತು. ಅದೇ ಡಿಸೆಂಬರಿನಲ್ಲಿ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಯ ಮಾರಾಟ ನಿಂತು, ಅವಧಿಗೆ ಇಷ್ಟು ಎಂಬ ಚಂದಾ ಪದ್ಧತಿ ಬಂತು. ಹಳೆಯ ಶಾಶ್ವತ ಪರವಾನಗಿ ಇರುವವರು ಅದನ್ನು ಬಳಸುತ್ತ ಹೋಗಬಹುದು, ಆದರೆ ಬೆಂಬಲದ ಒಪ್ಪಂದವನ್ನು ಮೊದಲಿನಂತೆ ನವೀಕರಿಸಲು ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ಉಚಿತ ಇ.ಎಸ್.ಎಕ್ಸ್.ಐ. ಹಿಂತೆಗೆಯಲಾಯಿತು, 2025ರ ಏಪ್ರಿಲ್‌ನಲ್ಲಿ 8ನೇ ಆವೃತ್ತಿಯ ಉಚಿತ ರೂಪ ಮತ್ತೆ ಬಂತು. ಚಂದಾ ಲೆಕ್ಕವನ್ನು ಪ್ರೊಸೆಸರಿನ ಒಳಗಿನ ಕೋರ್‌ಗಳ ಮೇಲೆ ಹಾಕುತ್ತಾರೆ, ಒಂದು ಪ್ರೊಸೆಸರಿಗೆ ಕನಿಷ್ಠ 16 ಕೋರ್ ಎಂದು ಹಿಡಿಯುತ್ತಾರೆ. ನಿಮ್ಮ ಸರ್ವರಿನಲ್ಲಿ 8 ಕೋರ್ ಮಾತ್ರ ಇದ್ದರೂ 16ರ ಹಣ ಕೊಡಬೇಕು. ಸಣ್ಣ ಕಚೇರಿಗೆ ಹೊರೆ ಬೀಳುವುದು ಇಲ್ಲಿಯೇ.

3. ಹಾಗೆಯೇ ಬಿಟ್ಟರೆ ಏನಾಗುತ್ತದೆ?

ಮರುದಿನ ಏನೂ ಆಗುವುದಿಲ್ಲ. ಕೊನೆಯ ದಿನಾಂಕ ಕಳೆದರೂ ಸರ್ವರ್ ಓಡುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸದ ಹಸುವೂ ಮರುದಿನ ಹಾಲು ಕೊಡುತ್ತದೆ. ರೋಗ ಊರಿಗೆ ಬಂದ ದಿನ ಮಾತ್ರ ವ್ಯತ್ಯಾಸ ಕಾಣುತ್ತದೆ.

ಅಂಥ ಒಂದು ದಿನ 2023ರ ಫೆಬ್ರವರಿಯಲ್ಲಿ ಬಂತು. ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಹಳೆಯ ಇ.ಎಸ್.ಎಕ್ಸ್.ಐ. ಸರ್ವರುಗಳನ್ನು ಹುಡುಕಿ, ಒಳಗಿನ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ದಾಳಿ ಜಗತ್ತಿನ ಹಲವು ದೇಶಗಳಲ್ಲಿ ನಡೆಯಿತು. ಸಾವಿರಾರು ಸರ್ವರುಗಳು ಸಿಕ್ಕಿಬಿದ್ದವು. ಗಮನಿಸಬೇಕಾದ ಸಂಗತಿ ಏನೆಂದರೆ, ದಾಳಿಕೋರರು ಬಳಸಿದರೆಂದು ಎಚ್ಚರಿಕೆಗಳಲ್ಲಿ ಹೇಳಲಾದ ದೋಷಕ್ಕೆ ಕಂಪನಿ ಎರಡು ವರ್ಷ ಮೊದಲೇ, 2021ರ ಫೆಬ್ರವರಿಯಲ್ಲಿ, ತಿದ್ದುಪಡಿ ಬಿಡುಗಡೆ ಮಾಡಿತ್ತು. ಲಸಿಕೆ ಇತ್ತು, ಹಾಕಿಸಿಕೊಂಡಿರಲಿಲ್ಲ.

ನಮ್ಮ ದೇಶದ ಸಹಕಾರಿಗಳಿಗೆ ಹತ್ತಿರದ ಉದಾಹರಣೆಯೂ ಇದೆ. 2024ರ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಸಂಸ್ಥೆಯ ವ್ಯವಸ್ಥೆಗೆ ಇಂಥ ಸುಲಿಗೆ ದಾಳಿ ತಟ್ಟಿತು. ರಾಷ್ಟ್ರೀಯ ಪಾವತಿ ನಿಗಮವು ಸೋಂಕು ಹರಡದಿರಲೆಂದು ಅದರ ಸಂಪರ್ಕವನ್ನು ಕಡಿದುಹಾಕಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಎ.ಟಿ.ಎಂ., ಯು.ಪಿ.ಐ. ಸೇವೆ ನಿಂತು, ಮರುದಿನ ಸರಿಯಾಯಿತು. ಇದು ವರ್ಚುವಲ್ ತಂತ್ರಾಂಶ ಹಳೆಯದಾದ ಕಾರಣಕ್ಕೆ ಆದದ್ದೆಂದು ನಾನು ಹೇಳುತ್ತಿಲ್ಲ. ಹಲವರು ಒಂದೇ ಮಾಡಿನ ಕೆಳಗೆ ಇರುವಾಗ ಒಂದು ಕಡೆಯ ಪೆಟ್ಟು ಎಲ್ಲರಿಗೂ ತಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

4. ಬದಲಿಸಿದರೆ ಅಪಾಯವಿಲ್ಲವೇ?

ಇದೆ. ಹೊಸ ಆವೃತ್ತಿ ಹಳೆಯ ಯಂತ್ರವನ್ನು ಒಪ್ಪದಿರಬಹುದು. ವಿಎಂವೇರ್ 7ನೇ ಆವೃತ್ತಿಯಲ್ಲಿ ಹಳೆಯ ಮಾದರಿಯ ಚಾಲಕ ತಂತ್ರಾಂಶಗಳನ್ನು ಕೈಬಿಟ್ಟರು. ಇದರಿಂದ ಕೆಲವು ಹಳೆಯ ಸರ್ವರುಗಳ ಡಿಸ್ಕ್ ಅಥವಾ ನೆಟ್‌ವರ್ಕ್ ಕಾರ್ಡ್ ಹೊಸ ಆವೃತ್ತಿಗೆ ಕಾಣಿಸುವುದೇ ಇಲ್ಲ. ಆಗ ತಂತ್ರಾಂಶದ ಖರ್ಚಿನ ಜೊತೆಗೆ ಹೊಸ ಸರ್ವರಿನ ಖರ್ಚೂ ಬರುತ್ತದೆ. ಇನ್ನೊಂದು, ಒಳಗಿನ ಯಂತ್ರಗಳನ್ನು ಹೊಸ ಮಾದರಿಗೆ ಏರಿಸಿಬಿಟ್ಟರೆ ಅವು ಹಳೆಯ ಆವೃತ್ತಿಯ ಮೇಲೆ ಓಡುವುದಿಲ್ಲ. ಹಿಂದಿರುಗುವ ದಾರಿ ಮುಚ್ಚುತ್ತದೆ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸ ತಿಳಿದಿರಬೇಕು. ಇರುವ ಆವೃತ್ತಿಯಲ್ಲೇ ದೋಷ ಸರಿಪಡಿಸುವುದು ತಿದ್ದುಪಡಿ. ಒಂದು ಆವೃತ್ತಿ ಬಿಟ್ಟು ಮುಂದಿನದಕ್ಕೆ ಹೋಗುವುದು ಮೇಲ್ದರ್ಜೆ. ಬೆಂಬಲ ಇರುವ ತನಕ ತಿದ್ದುಪಡಿಗಳನ್ನು ಹಾಕಿಸಿಕೊಳ್ಳುತ್ತ ಇದ್ದರೆ ಮೇಲ್ದರ್ಜೆಗೆ ಅವಸರವಿಲ್ಲ. ದರಪಟ್ಟಿಯಲ್ಲಿ ಬರೆದಿರುವುದು ಯಾವುದು ಎಂದು ಮೊದಲು ಕೇಳಿರಿ.

5. ನಿಮ್ಮ ಮುಂದೆ ಇರುವ ದಾರಿಗಳು

(ಅ) ಇದ್ದಂತೆಯೇ ಇಟ್ಟು ಬೇಲಿ ಹಾಕುವುದು. ಹಳೆಯ ಸರ್ವರನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಕಚೇರಿಯ ಒಳಗಿನ ಕೆಲಸಕ್ಕೆ ಮಾತ್ರ ಬಳಸುವುದು. ಹೊಸದಾಗಿ ತಂದ ಹಸುವನ್ನು ಬೇರೆ ಕಟ್ಟಿದ ಹಾಗೆ. ಆರು ತಿಂಗಳಿಂದ ಒಂದು ವರ್ಷದ ಮಟ್ಟಿಗೆ ಇದು ನಡೆದೀತು, ಶಾಶ್ವತ ಪರಿಹಾರವಲ್ಲ. ಪೆನ್‌ಡ್ರೈವ್ ಮೂಲಕವೂ ಸೋಂಕು ಬರುತ್ತದೆ ಎಂಬುದನ್ನು ಮರೆಯಬಾರದು.

(ಆ) ಅದೇ ಕಂಪನಿಯ ಹೊಸ ಆವೃತ್ತಿ. ಸಿಬ್ಬಂದಿಗೆ ಹೊಸದಾಗಿ ಕಲಿಯುವುದು ಕಡಿಮೆ. ಆದರೆ ಚಂದಾ ಪ್ರತಿ ಅವಧಿಗೂ ಬರುತ್ತದೆ, ಮುಂದಿನ ದರ ನಿಮ್ಮ ಕೈಯಲ್ಲಿಲ್ಲ. ಉಚಿತ ರೂಪಕ್ಕೆ ಕಂಪನಿಯ ಬೆಂಬಲ ಇರುವುದಿಲ್ಲ.

(ಇ) ಬೇರೆ ತಂತ್ರಾಂಶಕ್ಕೆ ಹೋಗುವುದು. ವಿಂಡೋಸ್ ಸರ್ವರ್ ಪರವಾನಗಿ ಮೊದಲೇ ಇದ್ದರೆ ಹೈಪರ್-ವಿ ಅದರಲ್ಲೇ ಸೇರಿರುತ್ತದೆ. ಸ್ಟ್ಯಾಂಡರ್ಡ್ ಪರವಾನಗಿಯಲ್ಲಿ ಎರಡು ವಿಂಡೋಸ್ ವಿಭಾಗಗಳಿಗೆ ಅವಕಾಶವಿದೆ. ಮೂರನೆಯದಕ್ಕೆ ಮತ್ತೆ ಪರವಾನಗಿ ಬೇಕು. ಪ್ರಾಕ್ಸ್‌ಮಾಕ್ಸ್ ಬಳಕೆಗೆ ಶುಲ್ಕವಿಲ್ಲ, ಬೆಂಬಲ ಬೇಕಾದವರು ಚಂದಾ ಕೊಡಬಹುದು. ಇ.ಎಸ್.ಎಕ್ಸ್.ಐ.ನಿಂದ ಯಂತ್ರಗಳನ್ನು ತಂದುಕೊಳ್ಳುವ ಅನುಕೂಲ 2024ರಿಂದ ಅದರಲ್ಲಿದೆ. ಆದರೆ ಉಚಿತ ಎಂದರೆ ಆರೈಕೆ ಬೇಡ ಎಂದಲ್ಲ. ಅದರ 8ನೇ ಆವೃತ್ತಿ 2023ರಲ್ಲಿ, 9ನೇ ಆವೃತ್ತಿ 2025ರಲ್ಲಿ ಬಂತು. ಅಲ್ಲಿಯೂ ಕೆಲವು ವರ್ಷಕ್ಕೊಮ್ಮೆ ಏರಲೇಬೇಕು. ನಡೆಸಲು ಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ ಎಂಬುದೇ ಮುಖ್ಯ.

(ಈ) ವರ್ಚುವಲ್ ಸರ್ವರನ್ನೇ ಬಿಡುವುದು. ಇದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಒಂದು ಸಂಘ, ಒಂದು ಹಾಲು ಸಂಗ್ರಹಣಾ ಯಂತ್ರ, ಒಂದು ಬಟವಾಡೆ ತಂತ್ರಾಂಶ ಇರುವಲ್ಲಿ ಸರ್ವರಿನ ಅಗತ್ಯವೇ ಇಲ್ಲ. ಒಂದು ಒಳ್ಳೆಯ ಕಂಪ್ಯೂಟರ್, ಅದು ಕೆಟ್ಟರೆ ಕೂರಿಸಲು ಇನ್ನೊಂದು, ನಿತ್ಯದ ಪ್ರತಿ – ಇಷ್ಟು ಸಾಕು. ಎರಡು ಹಸು ಸಾಕುವವರಿಗೆ ಇಪ್ಪತ್ತು ಹಸುವಿನ ಕೊಟ್ಟಿಗೆ ಬೇಕಾಗಿಲ್ಲ.

6. ಲೆಕ್ಕ ಹಾಕುವ ಕ್ರಮ

ಅರ್ಗಾ ಕಡೆಯಲ್ಲಿ ಕೆಲವು ಸಂಘಗಳ ಲೆಕ್ಕ ನೋಡುವ ಒಂದು ಸಣ್ಣ ಕಚೇರಿ ಇದೆ ಎಂದಿಟ್ಟುಕೊಳ್ಳೋಣ. ಒಂದು ಸರ್ವರ್, ಅದರೊಳಗೆ ಮೂರು ವಿಭಾಗ. ದಿನಕ್ಕೆ 1,000 ಲೀಟರ್ ಹಾಲು, ಅಂದರೆ ವರ್ಷಕ್ಕೆ 3,65,000 ಲೀಟರ್. ಕೆಳಗಿನ ಮೊತ್ತಗಳು ಲೆಕ್ಕದ ರೀತಿ ತೋರಿಸಲು ಹಿಡಿದವು, ಮಾರುಕಟ್ಟೆ ದರಗಳಲ್ಲ. ನಿಮ್ಮ ದರಪಟ್ಟಿಯ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿರಿ.

ಹೊಸ ಆವೃತ್ತಿಯ ಚಂದಾ ಮತ್ತು ಸೇವೆ ವರ್ಷಕ್ಕೆ 40,000 ರೂ. ಎಂದರೆ 5 ವರ್ಷಕ್ಕೆ 2,00,000 ರೂ. ಲೀಟರಿಗೆ ಸುಮಾರು 11 ಪೈಸೆ.

ಬೇರೆ ತಂತ್ರಾಂಶಕ್ಕೆ ಹೋಗಲು ಒಮ್ಮೆ 60,000 ರೂ., ನಂತರ ವರ್ಷಕ್ಕೆ 15,000 ರೂ. ಸೇವಾ ಶುಲ್ಕ ಎಂದರೆ 5 ವರ್ಷಕ್ಕೆ 1,35,000 ರೂ. ಲೀಟರಿಗೆ ಸುಮಾರು 7 ಪೈಸೆ.

ಸರ್ವರ್ ಬಿಟ್ಟು ಎರಡು ಕಂಪ್ಯೂಟರ್ ಮತ್ತು ಪ್ರತಿ ಇಡುವ ಡಿಸ್ಕುಗಳಿಗೆ 5 ವರ್ಷಕ್ಕೆ 90,000 ರೂ. ಎಂದರೆ ಲೀಟರಿಗೆ ಸುಮಾರು 5 ಪೈಸೆ.

ಇನ್ನೊಂದು ಬದಿಯ ಲೆಕ್ಕವನ್ನೂ ಹಾಕಬೇಕು. ಹತ್ತು ದಿನಕ್ಕೊಮ್ಮೆ ಬಟವಾಡೆ, ಲೀಟರಿಗೆ 35 ರೂ. ಎಂದು ಹಿಡಿದರೆ ಒಂದು ಬಟವಾಡೆಯ ಮೊತ್ತ 3,50,000 ರೂ. ದಾಖಲೆ ಹೋದರೆ ಈ ಹಣ ಯಾರಿಗೆ ಎಷ್ಟು ಎಂದು ಹೇಳುವವರಿಲ್ಲ. ಹಣ ಎಲ್ಲಿಯೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಹಿಂಡಿ ಅಂಗಡಿಯ ಬಾಕಿ, ಮಕ್ಕಳ ಶುಲ್ಕ, ಸ್ವಸಹಾಯ ಸಂಘದ ಕಂತು ಕಾಯುವುದಿಲ್ಲ. ಒಮ್ಮೆ ಅಳತೆಯ ಬಗ್ಗೆ ಅನುಮಾನ ಹುಟ್ಟಿದರೆ ಹಾಲು ಖಾಸಗಿಯವರ ಕ್ಯಾನಿಗೆ ಹೋಗುತ್ತದೆ. ಅದನ್ನು ಮರಳಿ ತರುವ ಖರ್ಚು ಯಾವ ದರಪಟ್ಟಿಯಲ್ಲೂ ಇರುವುದಿಲ್ಲ.

ಈ ಎರಡು ಬದಿಯ ಲೆಕ್ಕದಿಂದ ತಿಳಿಯುವುದೇನು? ಕೆಲವು ಪೈಸೆಗಳ ವ್ಯತ್ಯಾಸಕ್ಕಾಗಿ ದಾಖಲೆಯನ್ನು ಅಪಾಯಕ್ಕೆ ಒಡ್ಡಬಾರದು. ಹಾಗೆಯೇ, ದುಬಾರಿ ದಾರಿಯೇ ಸುರಕ್ಷಿತ ಎಂದೂ ತಿಳಿಯಬಾರದು. ದಾಖಲೆ ಉಳಿಸುವುದು ತಂತ್ರಾಂಶದ ಆವೃತ್ತಿಯಲ್ಲ, ಅದರ ಪ್ರತಿ.

7. ಪ್ರತಿ ಇಲ್ಲದೆ ಯಾವ ತೀರ್ಮಾನವೂ ಬೇಡ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ – ಇದು ಎಲ್ಲೆಡೆ ಒಪ್ಪಿದ ನಿಯಮ. ಒಂದು ಪ್ರತಿಯಾದರೂ ತಂತಿಯಿಂದ ಬಿಡಿಸಿ ಬೀರುವಿನಲ್ಲಿ ಇರಬೇಕು. ಸದಾ ಸಿಕ್ಕಿಸಿಟ್ಟ ಡಿಸ್ಕಿಗೂ ದಾಳಿಕೋರರು ಬೀಗ ಹಾಕುತ್ತಾರೆ. ವರ್ಚುವಲ್ ತಂತ್ರಾಂಶದಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವಿದೆ. ಅದು ಅದೇ ಡಿಸ್ಕಿನ ಮೇಲೆ ಇರುವ ಗುರುತು, ಪ್ರತಿಯಲ್ಲ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ.

ಪ್ರತಿ ತೆಗೆದರೆ ಸಾಲದು, ಅದರಿಂದ ಮರಳಿ ತೆರೆದು ನೋಡಬೇಕು. ಆರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಪ್ರತಿಯನ್ನು ತೆರೆದು, ಹಿಂದಿನ ಬಟವಾಡೆಯ ಐದು ಸದಸ್ಯರ ಮೊತ್ತವನ್ನು ಕಾಗದದ ಪಟ್ಟಿಯೊಂದಿಗೆ ತಾಳೆ ನೋಡಿರಿ. ಕಾಲುಬಾಯಿ ಜ್ವರದ ಲಸಿಕೆಯೂ ಆರು ತಿಂಗಳಿಗೊಮ್ಮೆ. ಎರಡನ್ನೂ ಒಟ್ಟಿಗೆ ನೆನಪಿಡಬಹುದು.

ಯಾವ ದಾಖಲೆ ನಿಮ್ಮಲ್ಲಿ ಮಾತ್ರ ಇದೆ ಎಂದು ಪಟ್ಟಿ ಮಾಡಿರಿ. ಹನ್ನೆರಡು ಅಂಕಿಯ ಕಿವಿಯೋಲೆ ಮತ್ತು ಲಸಿಕೆಯ ವಿವರ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ, ಕೇಂದ್ರದ ಸರ್ವರಿನಲ್ಲಿ ಇರುತ್ತದೆ. ನಿಮ್ಮ ಸರ್ವರ್ ಕೆಟ್ಟರೂ ಅದು ಉಳಿಯುತ್ತದೆ. ಷೇರು ಪುಸ್ತಕ, ಮುಂಗಡದ ಲೆಕ್ಕ, ದಿನದಿನದ ಅಳತೆ ನಿಮ್ಮವು. ಮೊದಲು ಕಾಪಾಡಬೇಕಾದ್ದು ಅವನ್ನು.

8. ನಮ್ಮ ಕರಾವಳಿಗೆ ತಕ್ಕ ಮಾತು

ಬೆಂಗಳೂರಿನ ಕಚೇರಿಗೆ ಕೊಡುವ ಸಲಹೆಯನ್ನು ಅರ್ಗಾಕ್ಕೆ ಹಾಗೆಯೇ ಕೊಡಲಾಗದು. ಇಲ್ಲಿಯ ಗಾಳಿಯಲ್ಲಿ ಉಪ್ಪು ಮತ್ತು ತೇವ ಹೆಚ್ಚು. ಕಾರ್ಡುಗಳ ಕಾಲುಗಳು ಬೇಗ ಕಿಲುಬು ಹಿಡಿಯುತ್ತವೆ. ಹಳೆಯ ಸರ್ವರಿಗೆ ಹೊಸ ತಂತ್ರಾಂಶ ಹಾಕುವ ಮೊದಲು ಆ ಯಂತ್ರ ಇನ್ನೂ ಐದು ವರ್ಷ ಬಾಳೀತೇ ಎಂದು ನೋಡಬೇಕು. ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದು ಮಾಡುವಾಗ ಕೆಲಸ ಅರ್ಧಕ್ಕೆ ನಿಂತರೆ ಸರ್ವರ್ ಮೇಲೇಳುವುದೇ ಇಲ್ಲ. ಯು.ಪಿ.ಎಸ್. ಬ್ಯಾಟರಿ ಪರೀಕ್ಷಿಸದೆ ಕೈಹಾಕಬಾರದು.

ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಅನೇಕ ದಿನ ಬಂದ್ ಆಯಿತು, ಜೀವಹಾನಿಯಾಯಿತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹುಬ್ಬಳ್ಳಿಯಿಂದ ತಂತ್ರಜ್ಞರು ಅರಬೈಲ್ ಘಟ್ಟ ಇಳಿದು ಬರಬೇಕು. "ನಾಲ್ಕು ಗಂಟೆಯಲ್ಲಿ ಬರುತ್ತೇವೆ" ಎಂಬ ಒಪ್ಪಂದ ಜುಲೈ ತಿಂಗಳಲ್ಲಿ ಕಾಗದದ ಮೇಲೆ ಉಳಿದೀತು. ಆದ್ದರಿಂದ ಸರ್ವರಿನ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಬಟವಾಡೆಯ ಹಿಂದಿನ ದಿನ ಬೇಡ, ಮಾರ್ಚ್ ಕೊನೆಯ ಲೆಕ್ಕದ ಹೊತ್ತಿನಲ್ಲಂತೂ ಬೇಡವೇ ಬೇಡ.

9. ಠರಾವಿಗೆ ಮೊದಲು ಬರವಣಿಗೆಯಲ್ಲಿ ಪಡೆಯಬೇಕಾದ ಉತ್ತರಗಳು

1. ಈಗಿರುವ ಆವೃತ್ತಿ ಯಾವುದು, ಅದರ ಬೆಂಬಲ ಎಂದಿಗೆ ಮುಗಿಯುತ್ತದೆ? ಹೊಸದರದು ಎಂದಿಗೆ?
2. ನಮ್ಮ ಸರ್ವರಿನ ಮಾದರಿ ಹೊಸ ಆವೃತ್ತಿಯ ಒಪ್ಪಿತ ಪಟ್ಟಿಯಲ್ಲಿದೆಯೇ?
3. ನಮ್ಮ ಬಟವಾಡೆ ತಂತ್ರಾಂಶ ಅದರ ಮೇಲೆ ಓಡುತ್ತದೆಯೆಂದು ಅದನ್ನು ಮಾಡಿದವರು ಬರೆದುಕೊಡುತ್ತಾರೆಯೇ?
4. ಐದು ವರ್ಷದ ಒಟ್ಟು ಖರ್ಚು ಎಷ್ಟು? ಚಂದಾ ನಿಲ್ಲಿಸಿದರೆ ಏನಾಗುತ್ತದೆ?
5. ಕೆಲಸ ಕೆಟ್ಟರೆ ಹಳೆಯ ಸ್ಥಿತಿಗೆ ಎಷ್ಟು ಗಂಟೆಯಲ್ಲಿ ಮರಳಿಸುತ್ತೀರಿ?
6. ಗುಪ್ತಪದಗಳು ಯಾರ ಬಳಿ ಇರುತ್ತವೆ?

ಆರನೆಯದಕ್ಕೆ ಸರಿಯಾದ ಉತ್ತರ ಒಂದೇ: ಮುಚ್ಚಿದ ಲಕೋಟೆಯಲ್ಲಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿಯೊಂದಿಗೆ, ಕಚೇರಿಯ ತಿಜೋರಿಯಲ್ಲಿ. ಮಾರಾಟಗಾರರ ಬಳಿ ಮಾತ್ರ ಇದ್ದರೆ ಸರ್ವರ್ ನಿಮ್ಮದಲ್ಲ.

ಕೆಲಸ ಮುಗಿದ ಮೇಲೆ ಒಂದು ಬಟವಾಡೆಯನ್ನು ಕಾಗದದಲ್ಲೂ ಸಮಾನಾಂತರವಾಗಿ ಬರೆದಿಡಿ. ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಅಳಿಸಬೇಡಿ. ದಾಳಿಯಾದ ಅನುಮಾನ ಬಂದರೆ ಮೊದಲು ನೆಟ್‌ವರ್ಕ್ ತಂತಿ ಕೀಳಿರಿ, ಹಣ ಕೊಡಬೇಡಿ, ಒಕ್ಕೂಟಕ್ಕೆ ಕೂಡಲೇ ತಿಳಿಸಿರಿ. ಕೇಂದ್ರದ ಸಿ.ಇ.ಆರ್.ಟಿ.-ಇನ್ ಸಂಸ್ಥೆಯ 2022ರ ನಿರ್ದೇಶನದಂತೆ ಇಂಥ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿರಿ.

ಸಾರಾಂಶ

ಬೆಂಬಲ ಇನ್ನೂ ಇದ್ದರೆ ತಿದ್ದುಪಡಿ ಹಾಕಿಸಿ, ಅವಸರ ಬೇಡ. ಬೆಂಬಲ ಮುಗಿದಿದ್ದು, ಯಂತ್ರವೂ ಹಳೆಯದಾಗಿದ್ದರೆ ಅದರ ಮೇಲೆ ಹೊಸ ತಂತ್ರಾಂಶಕ್ಕೆ ಹಣ ಸುರಿಯಬೇಡಿ. ನಿಮಗೆ ಸರ್ವರ್ ಬೇಕೇ ಎಂಬಲ್ಲಿಂದ ಯೋಚಿಸಿರಿ. ಬೆಂಬಲ ಮುಗಿದು ಯಂತ್ರ ಗಟ್ಟಿಯಾಗಿದ್ದರೆ, ಹತ್ತಿರದಲ್ಲಿ ಬಲ್ಲವರು ಸಿಗುವ ತಂತ್ರಾಂಶವನ್ನು ಆರಿಸಿ, ಮಳೆ ಮುಗಿದ ಮೇಲೆ ಬದಲಿಸಿರಿ. ಎಲ್ಲಕ್ಕೂ ಮೊದಲು, ತೆರೆದು ನೋಡಿದ ಪ್ರತಿ ಕೈಯಲ್ಲಿರಲಿ.

ಅಭ್ಯಾಸಕ್ಕೆ: ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕಾರ್ಯದರ್ಶಿಯವರನ್ನು ಎರಡು ಪ್ರಶ್ನೆ ಕೇಳಿರಿ. ನಮ್ಮ ಕೊನೆಯ ಪ್ರತಿಯ ದಿನಾಂಕ ಯಾವುದು? ಅದನ್ನು ಕೊನೆಯದಾಗಿ ತೆರೆದು ನೋಡಿದ್ದು ಯಾವಾಗ? ಎರಡಕ್ಕೂ ದಿನಾಂಕ ಸಿಗುವ ತನಕ ದರಪಟ್ಟಿಯನ್ನು ಸಭೆಯ ಮುಂದೆ ತರುವುದು ಬೇಡ.

– ಪಶುವೈದ್ಯ ವಿಸ್ತರಣಾಧಿಕಾರಿ